ಹಳೆ ಎತ್ತು, ಹೊಸ ಬ್ರೌಸರ್

ಶಿವರಾತ್ರಿಯ ಸುಮಾರಿಗೆ ಆವನಿಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಅಲ್ಲಿ ಎತ್ತು ಕೊಳ್ಳುವ ರೈತನನ್ನು ನೋಡಬೇಕು. ಮಾರುವವನು ಎಷ್ಟೇ ಹೊಗಳಲಿ, ಕೊಳ್ಳುವವನು ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಸುಳಿ ನೋಡುತ್ತಾನೆ. ಹತ್ತು ಹೆಜ್ಜೆ ನಡೆಸಿ ಕಾಲು ಎಳೆಯುತ್ತದೆಯೋ ಎಂದು ಪರೀಕ್ಷಿಸುತ್ತಾನೆ. ಇಷ್ಟಾದ ಮೇಲೂ ಮನೆಯ ಹಳೆಯ ಜೋಡಿಯನ್ನು ಅಂದೇ ಮಾರಿಬಿಡುವುದಿಲ್ಲ. ಹೊಸದು ನೊಗಕ್ಕೆ ಹೊಂದಿಕೊಳ್ಳಬೇಕಲ್ಲ!

ಅದೇ ಊರಿನಲ್ಲಿ ಒಂದು ಆನ್‌ಲೈನ್ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಇಂಥ ಅಂಗಡಿ ಈಗ ಯಾವ ಹೋಬಳಿಯಲ್ಲಿ ಇಲ್ಲ? ಒಂದು ಕಂಪ್ಯೂಟರು, ಒಂದು ಪ್ರಿಂಟರು, ಬೆರಳಚ್ಚು ಪಡೆಯುವ ಪುಟ್ಟ ಸಾಧನ, ಗೋಡೆಗೆ ದರಪಟ್ಟಿ. ಬೆಳಗ್ಗೆ ಒಂಬತ್ತಕ್ಕೆಲ್ಲ ಪಹಣಿ ಬೇಕಾದವರು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವರು, ಮಗಳ ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವವರು, ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸಿನ ದರ ಕೇಳುವವರು ಬಂದು ನಿಲ್ಲುತ್ತಾರೆ. ಅಂಗಡಿಯ ಯುವಕ ಕಂಪ್ಯೂಟರ್ ಚಾಲೂ ಮಾಡಿದಾಗಲೆಲ್ಲ ಪರದೆಯ ನೆತ್ತಿಯ ಮೇಲೆ ಒಂದು ಪಟ್ಟಿ ಕಾಣುತ್ತದೆ. ಮುಂದಿನ ಆವೃತ್ತಿಯ ಕ್ರೋಮ್ ಬೇಕಾದರೆ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಇರಬೇಕು ಎಂಬುದು ಅದರ ಸಾರ. ಅವನದು ವಿಂಡೋಸ್ 7. ಪ್ರತಿದಿನ ಮೂಲೆಯ ಕತ್ತರಿ ಗುರುತನ್ನು ಒತ್ತಿ ಆ ಪಟ್ಟಿಯನ್ನು ಅಳಿಸುತ್ತಾನೆ. ಪಟ್ಟಿ ಮಾರನೆಯ ದಿನ ಮತ್ತೆ ಬರುತ್ತದೆ.

"ಇರೋ ಎತ್ತು ಚೆನ್ನಾಗಿ ಉಳ್ತಾ ಇರೋವಾಗ ಹೊಸದಕ್ಕೆ ಯಾಕಪ್ಪಾ ಕೈ ಹಾಕ್ತೀಯ?" ಎಂದು ಅವನ ತಂದೆ ಕೇಳಿದರೆ ಅದನ್ನು ಅಜ್ಞಾನ ಎಂದು ತಳ್ಳಿಹಾಕುವಂತಿಲ್ಲ. ಬ್ರೌಸರ್ ಬದಲಾಯಿಸಿ ಪೆಟ್ಟು ತಿಂದ ಅನುಭವ ಕನ್ನಡಿಗರಿಗೆ ನಿಜಕ್ಕೂ ಇದೆ.

ಆ ಕಥೆ ತಿಳಿಯಲು ಮೂವತ್ತು ವರ್ಷ ಹಿಂದೆ ಹೋಗಬೇಕು. ಅಂತರಜಾಲದ ಪುಟವನ್ನು ತಂದು ನಮ್ಮ ಪರದೆಯ ಮೇಲೆ ಬಿಡಿಸಿ ತೋರಿಸುವ ತಂತ್ರಾಂಶವೇ ಬ್ರೌಸರ್. ಅದು ತೊಂಬತ್ತರ ದಶಕದಲ್ಲಿ ಮನೆಮಾತಾದಾಗ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ 1996ರಲ್ಲೇ ಡಾ. ಯು. ಬಿ. ಪವನಜ ಅವರ 'ವಿಶ್ವಕನ್ನಡ' ಅಂತರಜಾಲ ಪತ್ರಿಕೆಯಾಗಿ ಹೊರಬಂತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂತು. ಕನ್ನಡ ಬಾರದ ಯಂತ್ರದಲ್ಲಿ ಕನ್ನಡ ಮೂಡಿದ್ದು ಹೇಗೆ? ವೇಷದ ಮೂಲಕ. ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿ ಇದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಆದರೆ ಫಾಂಟ್ ಎಂಬ ಅಕ್ಷರಗಳ ಅಚ್ಚಿನಲ್ಲಿ ಇಂಗ್ಲಿಷಿನ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿರುತ್ತಿದ್ದರು. ತಲೆಕಟ್ಟು ಒಂದು ಮನೆಯಲ್ಲಿ, ಕೊಂಬು ಇನ್ನೊಂದು ಮನೆಯಲ್ಲಿ, ಒತ್ತಕ್ಷರ ಮತ್ತೊಂದರಲ್ಲಿ. ಓದುವವನ ಬಳಿ ಅದೇ ಫಾಂಟ್ ಇದ್ದರೆ ಕನ್ನಡ ಕಾಣುತ್ತಿತ್ತು. ಇಲ್ಲದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ.

ಪ್ರತಿ ಜಾಲತಾಣಕ್ಕೂ ಒಂದೊಂದು ಫಾಂಟ್ ಇಳಿಸಿಕೊಳ್ಳುವುದು ಓದುಗರಿಗೆ ತಲೆನೋವು. ಅದಕ್ಕೆ 1997ರ ಹೊತ್ತಿಗೆ ಒಂದು ಜಾಣ ಉಪಾಯ ಬಂತು. ಪುಟದ ಜೊತೆಗೇ ಫಾಂಟನ್ನೂ ಕಳಿಸುವುದು. ಮದುವೆ ಮನೆಗೆ ಅಡಿಗೆಯವರು ತಮ್ಮ ಪಾತ್ರೆಗಳನ್ನು ತಾವೇ ತರುವ ಹಾಗೆ. ಆದರೆ ನೆಟ್‌ಸ್ಕೇಪ್ 4 ಒಂದು ಬಗೆಯ ಫಾಂಟನ್ನು ಒಪ್ಪುತ್ತಿತ್ತು, ಮೈಕ್ರೊಸಾಫ್ಟಿನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 4 ಇನ್ನೊಂದು ಬಗೆಯದನ್ನು. ಎರಡು ಕಂಪನಿಗಳ ಜಗಳದಲ್ಲಿ ನಡುವೆ ಸಿಕ್ಕಿಕೊಂಡವರು ಎರಡನ್ನೂ ತಯಾರಿಸಿ ಇಡಬೇಕಾಯಿತು. ಹೇಗೋ ಕನ್ನಡ ಕಾಣುತ್ತಿತ್ತು, ಅಮೆರಿಕದಲ್ಲಿದ್ದ ಮಗ ಊರಿನ ಸುದ್ದಿ ಓದುತ್ತಿದ್ದ.

ಆಗ ಬಂತು 2000ದ ನವೆಂಬರ್. ನೆಟ್‌ಸ್ಕೇಪ್ ತನ್ನ 6ನೆಯ ಆವೃತ್ತಿಯನ್ನು ಬಿಡುಗಡೆ ಮಾಡಿತು. ಮೂಲದಿಂದ ಹೊಸದಾಗಿ ಬರೆದ ತಂತ್ರಾಂಶ. ಆದರೆ 4ರಲ್ಲಿದ್ದ ಆ ಫಾಂಟ್ ವ್ಯವಸ್ಥೆಯನ್ನು ಹೊಸದರಲ್ಲಿ ಕೈಬಿಟ್ಟಿದ್ದರು. ಆಸೆಯಿಂದ ಹೊಸ ಆವೃತ್ತಿ ಹಾಕಿಕೊಂಡವನಿಗೆ ನಿನ್ನೆಯವರೆಗೆ ಕಾಣುತ್ತಿದ್ದ ಕನ್ನಡ ಪುಟ ಇಂದು ಚೆಲ್ಲಾಪಿಲ್ಲಿಯಾಗಿ ಕಾಣುವಂತಾಯಿತು. ಹಲ್ಲು ನೋಡದೆ ಎತ್ತು ತಂದ ಹಾಗೆ. ಹಳೆಯದನ್ನೇ ಉಳಿಸಿಕೊಂಡವರು ಜಾಣರೆನಿಸಿದರು. ಬಹಳ ಮಂದಿ ಮರುಮಾತಿಲ್ಲದೆ ಎಕ್ಸ್‌ಪ್ಲೋರರಿನತ್ತ ಹೊರಳಿದರು.

ಇಲ್ಲಿ ಸ್ವಲ್ಪ ನಿಂತು ಒಂದು ವಿಚಾರ ನೋಡಬಹುದು. ಆವನಿಯ ರಾಮಲಿಂಗೇಶ್ವರ ದೇವಾಲಯಗಳ ಆವರಣ ನೊಳಂಬರ ಕಾಲದ್ದು. ಆ ಊರಿನ ಕಲ್ಲುಗಳ ಮೇಲೆ ಹತ್ತನೆಯ ಶತಮಾನದ ಶಾಸನಗಳಿವೆ. ಸಾವಿರ ವರ್ಷದ ಬಿಸಿಲು ಮಳೆ ಕಂಡ ಆ ಅಕ್ಷರಗಳನ್ನು ಬಲ್ಲವರು ಇಂದೂ ಓದುತ್ತಾರೆ. 1998ರಲ್ಲಿ ಆ ವೇಷದ ಫಾಂಟಿನಲ್ಲಿ ಬರೆದಿಟ್ಟ ಕನ್ನಡ ಪುಟವನ್ನು ಇಂದಿನ ಬ್ರೌಸರಿನಲ್ಲಿ ತೆರೆಯಿರಿ, ಒಂದು ಪದವೂ ದಕ್ಕುವುದಿಲ್ಲ. ಹುಡುಕಾಟದ ಯಂತ್ರಗಳಿಗೂ ಅದು ಕನ್ನಡವೆಂದು ತಿಳಿಯುವುದಿಲ್ಲ. ತಪ್ಪು ಬ್ರೌಸರಿನದೊಂದೇ ಅಲ್ಲ, ಅಡಿಪಾಯವೇ ಎರವಲಿನದಾಗಿತ್ತು.

ಸ್ವಂತ ಅಡಿಪಾಯ ಸಿಕ್ಕಿದ್ದು ಯುನಿಕೋಡಿನಿಂದ. ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಈ ಏರ್ಪಾಟಿನಲ್ಲಿ 1991ರಲ್ಲಿ ಪ್ರಕಟವಾದ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೆ ಸಂಖ್ಯೆ ಕೊಟ್ಟ ಮಾತ್ರಕ್ಕೆ ಆಗದು. 'ಸ್ತ್ರೀ' ಎಂಬ ಒಂದು ಅಕ್ಷರಕ್ಕೆ ಸ, ತ, ರ, ನಡುವೆ ಎರಡು ವಿರಾಮ ಚಿಹ್ನೆ, ಕೊನೆಗೆ ದೀರ್ಘದ ಗುರುತು, ಹೀಗೆ ಆರು ಸಂಕೇತಗಳು. ಅವನ್ನು ಒಂದೇ ಗೊಂಚಲಾಗಿ ಜೋಡಿಸುವ ಬುದ್ಧಿ ಯಂತ್ರಕ್ಕೆ ಬೇಕು. ಮೈಕ್ರೊಸಾಫ್ಟ್ ಅದನ್ನು ಕನ್ನಡಕ್ಕೆ ಕೊಟ್ಟಿದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, 'ತುಂಗಾ' ಎಂಬ ಫಾಂಟಿನ ಜೊತೆಗೆ. ಅದೂ ತಾನಾಗಿ ಚಾಲೂ ಆಗುತ್ತಿರಲಿಲ್ಲ. ಭಾಷೆಯ ವಿಭಾಗಕ್ಕೆ ಹೋಗಿ ಒಂದು ಚೌಕಕ್ಕೆ ಗುರುತು ಹಾಕಿ, ವಿಂಡೋಸಿನ ಸಿ.ಡಿ. ಹುಡುಕಿ ತಂದು ತೂರಿಸಬೇಕಿತ್ತು. ಕನ್ನಡ ಓದಲು ಸಿ.ಡಿ. ಬೇಕಾಗಿದ್ದ ಕಾಲ!

ಈ ತಿರುವಿನಿಂದ ಮುಂದೆ ಲೆಕ್ಕ ತಲೆಕೆಳಗಾಯಿತು. ಹೊಸ ಆವೃತ್ತಿ ಕನ್ನಡವನ್ನು ಕಳೆಯುವ ಬದಲು ಕೊಡತೊಡಗಿತು. ಫೈರ್‌ಫಾಕ್ಸ್ 2ರಲ್ಲಿ ಒಂದು ಕಾಟವಿತ್ತು. ಸಾಲುಗಳ ಎರಡೂ ಬದಿ ಸಮನಾಗಿ ಕಾಣುವಂತೆ ಜೋಡಿಸಿದ ಪುಟಗಳಲ್ಲಿ ಭಾರತೀಯ ಲಿಪಿಗಳು ಮುರಿದು ಬೀಳುತ್ತಿದ್ದವು. ಒತ್ತಕ್ಷರ ತನ್ನ ಅಕ್ಷರದಿಂದ ಕಳಚಿ ಪಕ್ಕದಲ್ಲಿ ಕೂರುತ್ತಿತ್ತು. 2008ರ ಜೂನ್ 17ರಂದು ಬಂದ ಫೈರ್‌ಫಾಕ್ಸ್ 3ರಲ್ಲಿ ಅದು ಸರಿಹೋಯಿತು. ಒಂದೇ ದಿನದಲ್ಲಿ 80,02,530 ಮಂದಿ ಇಳಿಸಿಕೊಂಡರೆಂದು ಗಿನ್ನೆಸ್ ದಾಖಲೆಯಾದದ್ದು ಇದೇ ಆವೃತ್ತಿ. ದಾಖಲೆಗಾಗಿ ಇಳಿಸಿಕೊಂಡವರು ಎಷ್ಟೋ, ಒತ್ತಕ್ಷರಕ್ಕಾಗಿ ಇಳಿಸಿಕೊಂಡ ಕನ್ನಡಿಗನಿಗೆ ಸಿಕ್ಕ ಲಾಭ ಮಾತ್ರ ಗಟ್ಟಿಯಾದದ್ದು.

ಹಾಗಾದರೆ ಕಚೇರಿಗಳು, ಅಂಗಡಿಗಳು ಹಳೆಯದಕ್ಕೆ ಅಂಟಿಕೊಂಡದ್ದೇಕೆ? ಇದಕ್ಕೆ ಭಾಷೆಗಿಂತ ಬೇರೆ ಕಾರಣವಿತ್ತು. 2001ರ ಎಕ್ಸ್‌ಪ್ಲೋರರ್ 6 ಒಂದು ಹಂತದಲ್ಲಿ ಹತ್ತರಲ್ಲಿ ಒಂಬತ್ತು ಯಂತ್ರಗಳನ್ನು ಆಳುತ್ತಿತ್ತು. ಜಾಲತಾಣ ಕಟ್ಟುವವರು ಅದೊಂದನ್ನೇ ನೋಡಿ ಕಟ್ಟಿ, 'ಈ ತಾಣವನ್ನು ಎಕ್ಸ್‌ಪ್ಲೋರರ್ 6ರಲ್ಲೇ ನೋಡಿ' ಎಂದು ಕೆಳಗೆ ಬರೆದು ಕೈತೊಳೆದುಕೊಂಡರು. ಊರಿನ ರಸ್ತೆಯನ್ನು ಒಂದೇ ಕಂಪನಿಯ ಗಾಡಿಗೆ ಹೊಂದುವಂತೆ ಹಾಕಿದ ಹಾಗಾಯಿತು. ಡಿಜಿಟಲ್ ಸಹಿ ಹಾಕಲು ಜಾವಾದ ತುಣುಕು ಬೇಕೆಂಬ ತಾಣಗಳೂ ಇದ್ದವು. ಕ್ರೋಮ್ 2015ರ ಸೆಪ್ಟೆಂಬರಿನಲ್ಲಿ, ಫೈರ್‌ಫಾಕ್ಸ್ 2017ರ ಮಾರ್ಚಿನಲ್ಲಿ ಅಂಥ ತುಣುಕುಗಳನ್ನು ಓಡಿಸುವ ವ್ಯವಸ್ಥೆಯನ್ನು ಕಿತ್ತುಹಾಕಿದವು. ಹಾಗಾಗಿ ಸಹಿ ಹಾಕುವವರು ಹಳೆಯ ಯಂತ್ರವೊಂದನ್ನು ಮೂಲೆಯಲ್ಲಿ ಜೋಪಾನ ಮಾಡಿದರು. ಎಕ್ಸ್‌ಪ್ಲೋರರನ್ನೇ ಮೈಕ್ರೊಸಾಫ್ಟ್ 2022ರ ಜೂನ್ 15ಕ್ಕೆ ನಿವೃತ್ತಿಗೊಳಿಸಿತು. ಅದಿಲ್ಲದೆ ನಡೆಯದ ತಾಣ ಇನ್ನೂ ಇದ್ದರೆ ಎಡ್ಜ್ ಬ್ರೌಸರಿನೊಳಗೆ ಎಕ್ಸ್‌ಪ್ಲೋರರಿನ ಹಾಗೆ ವರ್ತಿಸುವ ಒಂದು ಬಗೆ ಇದೆ. ಕನಿಷ್ಠ 2029ರವರೆಗೆ ಅದನ್ನು ಉಳಿಸುವುದಾಗಿ ಕಂಪನಿ ಹೇಳಿದೆ. ಹಳೆಯ ತಾಣಕ್ಕಾಗಿ ಹಳೆಯ ಬ್ರೌಸರನ್ನೇ ಇಟ್ಟುಕೊಳ್ಳಬೇಕೆಂಬ ವಾದ ಅಲ್ಲಿಗೆ ಮುಗಿಯಿತು.

ಈಗ ಆವನಿಯ ಅಂಗಡಿಗೆ ಬರೋಣ. ಅವನ ಬ್ರೌಸರು ಕ್ರೋಮ್ 109. ವಿಂಡೋಸ್ 7ರಲ್ಲಿ ಓಡುವ ಕೊನೆಯ ಕ್ರೋಮ್ ಅದು, 2023ರ ಜನವರಿಯದು. ಮುಂದಿನ ತಿಂಗಳು ಬಂದ 110 ಅವನ ಯಂತ್ರಕ್ಕೆ ಬಾಗಿಲು ಹಾಕಿತು. ವಿಂಡೋಸ್ 7ಕ್ಕೆ ಮೈಕ್ರೊಸಾಫ್ಟಿನ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ನಿಂತಿದೆ. ಅಂದರೆ ಮನೆಯೂ ಹಳೆಯದು, ಬಾಗಿಲೂ ಹಳೆಯದು. ಆದರೂ ಪಹಣಿ ಬರುತ್ತಿದೆ, ಅರ್ಜಿ ಹೋಗುತ್ತಿದೆ. ತಂದೆಯ ಮಾತು ಸರಿಯೆಂದೇ ತೋರುತ್ತದೆ.

ಎತ್ತಿಗೂ ಬ್ರೌಸರಿಗೂ ಇರುವ ವ್ಯತ್ಯಾಸ ಇಲ್ಲಿದೆ. ಎತ್ತು ಮುಪ್ಪಾದರೆ ಕಣ್ಣಿಗೆ ಕಾಣುತ್ತದೆ, ನಡಿಗೆ ನಿಧಾನವಾಗುತ್ತದೆ. ಬ್ರೌಸರು ಮುಪ್ಪಾಗುವುದು ಹೊರಗಿನಿಂದ. ಅದರ ಲಕ್ಷಾಂತರ ಸಾಲುಗಳ ಬರವಣಿಗೆಯಲ್ಲಿ ತಪ್ಪುಗಳು ಮೊದಲ ದಿನದಿಂದಲೂ ಅಡಗಿರುತ್ತವೆ. ಯಾರಾದರೂ ಒಂದನ್ನು ಕಂಡುಹಿಡಿದ ದಿನ ಅದು ಕನ್ನ ಹಾಕುವ ಜಾಗವಾಗುತ್ತದೆ. ತಯಾರಕರು ತೇಪೆ ಕಳಿಸುತ್ತಾರೆ. ವಿಚಿತ್ರವೆಂದರೆ ಆ ತೇಪೆಯೇ ಕಳ್ಳರಿಗೆ ದಾರಿ ತೋರಿಸುತ್ತದೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲಿ ಹೊಲಿಗೆ ಬಿದ್ದಿದೆಯೋ ಅಲ್ಲಿ ತೂತಿತ್ತೆಂದು ತಿಳಿಯುತ್ತದೆ. ತೇಪೆ ಹಾಕಿಕೊಳ್ಳದವನ ತೂತು ಅಂದಿನಿಂದ ಊರಿಗೆಲ್ಲ ಗೊತ್ತಾದ ತೂತು.

2023ರ ಸೆಪ್ಟೆಂಬರಿನ ಉದಾಹರಣೆ ಸಾಕು. 'ವೆಬ್‌ಪಿ' ಎಂಬ ಬಗೆಯ ಚಿತ್ರಗಳನ್ನು ಬಿಡಿಸುವ ಭಾಗದಲ್ಲಿ ಒಂದು ದೋಷ ಬಯಲಾಯಿತು. ಬೇಕೆಂದೇ ಕೆಡಿಸಿದ ಒಂದು ಚಿತ್ರವನ್ನು ಬ್ರೌಸರು ತೆರೆದರೆ ಸಾಕಿತ್ತು, ಯಾವುದನ್ನೂ ಒತ್ತಬೇಕಾಗಿರಲಿಲ್ಲ. ಅದೇ ಭಾಗವನ್ನು ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಎಲ್ಲವೂ ಬಳಸುತ್ತಿದ್ದವು. ದುರುಳರು ಅದನ್ನು ಆಗಲೇ ಬಳಸಿಕೊಳ್ಳುತ್ತಿದ್ದಾರೆಂದು ಗೂಗಲ್ ಹೇಳಿತು. ಕೆಲವೇ ದಿನಗಳಲ್ಲಿ ಎಲ್ಲರೂ ತೇಪೆ ಕಳಿಸಿದರು. 2010ರ ಜನವರಿಯಲ್ಲೂ ಹೀಗೆಯೇ. ಗೂಗಲ್ ಮೊದಲಾದ ಕಂಪನಿಗಳಿಗೆ ಎಕ್ಸ್‌ಪ್ಲೋರರಿನ ದೋಷವೊಂದರ ಮೂಲಕ ಕನ್ನ ಬಿದ್ದಾಗ, ಜರ್ಮನಿಯ ಸರಕಾರಿ ಭದ್ರತಾ ಸಂಸ್ಥೆ ಸದ್ಯಕ್ಕೆ ಆ ಬ್ರೌಸರನ್ನೇ ಬಳಸಬೇಡಿ ಎಂದು ಜನರಿಗೆ ಹೇಳಬೇಕಾಯಿತು.

ತೀರ ಹಳೆಯದಾದರೆ ಒಂದು ದಿನ ತಾಣಗಳೇ ತೆರೆಯುವುದಿಲ್ಲ. ಬ್ರೌಸರಿಗೂ ತಾಣಕ್ಕೂ ನಡುವಿನ ಮಾತುಕತೆ ಬೀಗ ಹಾಕಿ ಸಾಗುತ್ತದೆ. ಆ ಬೀಗದ ಹಳೆಯ ಎರಡು ಮಾದರಿಗಳನ್ನು ಮುಖ್ಯ ಬ್ರೌಸರುಗಳು 2020ರ ಸುಮಾರಿಗೆ ಕೈಬಿಟ್ಟವು, ಬ್ಯಾಂಕಿನ ತಾಣಗಳು ಅದಕ್ಕೂ ಮೊದಲೇ ಬಿಡತೊಡಗಿದ್ದವು. ಎಕ್ಸ್‌ಪಿಯ ಎಕ್ಸ್‌ಪ್ಲೋರರಿಗೆ ಹೊಸ ಬೀಗದ ಕೀಲಿ ತಿಳಿಯದು. ಅದರಲ್ಲಿ ಬ್ಯಾಂಕಿನ ಪುಟ ತೆರೆಯದಿದ್ದರೆ 'ನೆಟ್ ಸರಿಯಿಲ್ಲ' ಎಂದು ಬೈದು ಪ್ರಯೋಜನವಿಲ್ಲ. ಕ್ರೋಮ್ 109ಕ್ಕೆ ಈಗಿನ ಬೀಗ ಗೊತ್ತು. ಹೀಗಾಗಿ ಅದು ಎಲ್ಲವನ್ನೂ ತೆರೆಯುತ್ತದೆ, ಹೀಗಾಗಿಯೇ ಮೋಸವೂ ಹೋಗಿಸುತ್ತದೆ.

ಮನೆಯಲ್ಲಿ ಹಾಡು ಕೇಳಲು, ಹಳೆಯ ಸಿನಿಮಾ ನೋಡಲು ಇಟ್ಟುಕೊಂಡ ಯಂತ್ರವಾದರೆ ಒಡೆಯನ ಇಷ್ಟ, ಅಪಾಯವೂ ಅವನದೇ. ಅಂಗಡಿಯ ಯಂತ್ರ ಹಾಗಲ್ಲ. 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಏರಿದ ಆರಂಭದ ವರ್ಷಗಳಲ್ಲಿ, ಆವನಿಯ ರೈತ 15 ರೂಪಾಯಿ ಹಿಡಿದು ಮುಳಬಾಗಿಲಿನ ತಾಲ್ಲೂಕು ಕಚೇರಿಗೆ ಹೋಗಬೇಕಿತ್ತು. ಆ ಕಚೇರಿಯ ಕಿಂಡಿ ಈಗ ಊರಿನ ಅಂಗಡಿಯ ಬ್ರೌಸರಿಗೆ ಬಂದಿದೆ. ಅಲ್ಲಿ ಸಾಲು ನಿಂತವರು ತಮ್ಮ ಆಧಾರ್ ಸಂಖ್ಯೆ ಹೇಳುತ್ತಾರೆ, ಫೋನಿಗೆ ಬಂದ ಆರಂಕಿಯ ಗುಟ್ಟನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ, ಹೆಬ್ಬೆಟ್ಟು ಒತ್ತುತ್ತಾರೆ. "ನೀನೇ ನೋಡ್ಕೊಂಡು ಹಾಕಪ್ಪಾ" ಎಂದು ಪಾಸ್‌ವರ್ಡನ್ನೂ ಅವನಿಗೇ ಒಪ್ಪಿಸುತ್ತಾರೆ. ಅವನು ಅವನ್ನೆಲ್ಲ ಅನುಕೂಲಕ್ಕೆಂದು ಬ್ರೌಸರಿನಲ್ಲೇ ಉಳಿಸಿಟ್ಟಿದ್ದರಂತೂ ಇನ್ನೂ ಕೆಟ್ಟದ್ದು. ಪರದೆಯ ನೆತ್ತಿಯ ಪಟ್ಟಿಯನ್ನು ಅವನು ದಿನವೂ ಅಳಿಸುವಾಗ ನಿರ್ಧಾರ ಮಾಡುತ್ತಿರುವುದು ತನ್ನೊಬ್ಬನ ಪರವಾಗಿ ಅಲ್ಲ. ಕೇಳದೆ, ತಿಳಿಸದೆ, ಇಡೀ ಸಾಲಿನ ಪರವಾಗಿ.

ಹಾಗೆಂದು ಇವತ್ತೇ ಹೊಸ ಕಂಪ್ಯೂಟರು ತಾ ಎನ್ನುವುದು ಸುಲಭ. ದುಡ್ಡು ಬೇಕಲ್ಲ. ಮಧ್ಯದ ದಾರಿಗಳಿವೆ. ಫೈರ್‌ಫಾಕ್ಸಿನಲ್ಲಿ ದೀರ್ಘಕಾಲ ಬಾಳುವ ಒಂದು ಶಾಖೆ ಇದೆ. ಅದರ 115ನೆಯ ಆವೃತ್ತಿ ವಿಂಡೋಸ್ 7ರಲ್ಲೂ ಓಡುತ್ತದೆ. ಅದಕ್ಕೆ 2024ರಲ್ಲೇ ತೇಪೆ ನಿಲ್ಲಬೇಕಿತ್ತು, ಆಮೇಲೆ ಗಡುವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದರು. ಇದು ಊರುಗೋಲು ಮಾತ್ರ, ಏಕೆಂದರೆ ಕೆಳಗಿರುವ ವಿಂಡೋಸಿನ ತೂತು ಹಾಗೆಯೇ ಇರುತ್ತದೆ. ಬರಿಯ ಅಂತರಜಾಲದ ಕೆಲಸವಾದರೆ ಅದೇ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಬಹುದು, ಕಾಸು ಖರ್ಚಿಲ್ಲ, ಹೊಸ ಬ್ರೌಸರು ತಾನಾಗಿ ಬರುತ್ತದೆ. ಆದರೆ ಬೆರಳಚ್ಚಿನ ಸಾಧನ, ಪ್ರಿಂಟರು ಅದರಲ್ಲಿ ನಡೆಯುತ್ತವೆಯೇ ಎಂದು ಮೊದಲು ನೋಡಬೇಕು. ವಿಂಡೋಸ್ 10ಕ್ಕೆ ಏರಿ ನಿಲ್ಲುವುದೂ ಅರ್ಧ ದಾರಿಯೇ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಖರ್ಚು ಮಾಡುವುದೇ ಆದರೆ 11 ಓಡುವ ಯಂತ್ರಕ್ಕೇ ಮಾಡುವುದು ಲೇಸು. ಸೆಕೆಂಡ್‌ಹ್ಯಾಂಡ್ ಆದರೂ ಚಿಂತೆಯಿಲ್ಲ.

ಯಂತ್ರ ಸರಿಯಿದ್ದು ಬ್ರೌಸರ್ ಮಾತ್ರ ಹೊಸದಾಗುವ ಸಂದರ್ಭವೇ ಹೆಚ್ಚು. ಕ್ರೋಮ್ 2021ರಿಂದ ನಾಲ್ಕು ವಾರಕ್ಕೊಂದು ಆವೃತ್ತಿ ಬಿಡುತ್ತಾ ಬಂದಿದೆ, ನಡುನಡುವೆ ತೇಪೆಗಳು. ತೇಪೆಗೆ ಕಾಯಬಾರದು. ದೊಡ್ಡ ಬದಲಾವಣೆ ಇದೆಯೆಂದು ತಿಳಿದರೆ ಒಂದೆರಡು ದಿನ ತಡೆದು, ಪಕ್ಕದೂರಿನ ಅಂಗಡಿಯವನಿಗೆ "ಅಣ್ಣಾ, ನಿನಗೆ ಥಂಬ್ ತಗೋತಾ ಇದೆಯಾ?" ಎಂದು ಫೋನು ಮಾಡಿ ಕೇಳಿದರೆ ತಪ್ಪಿಲ್ಲ. ವಿದ್ಯಾರ್ಥಿವೇತನದ ಕೊನೆಯ ದಿನದ ಬೆಳಗ್ಗೆ ಇಂಥ ಸಾಹಸಕ್ಕೆ ಇಳಿಯಬಾರದು. ಇನ್ನೊಂದು ಬ್ರೌಸರನ್ನು, ಅದೂ ಹೊಸದನ್ನೇ, ಜೊತೆಗೆ ಇಟ್ಟುಕೊಂಡರೆ ಒಂದು ಮುನಿಸಿಕೊಂಡಾಗ ಇನ್ನೊಂದು ನಡೆಯುತ್ತದೆ. ಕ್ರೋಮ್, ಫೈರ್‌ಫಾಕ್ಸ್ ಎರಡಕ್ಕೂ ಹಣ ಕೊಡಬೇಕಾಗಿಲ್ಲ.

ಹೊಸತನ್ನು ಬೈಯುವ ಮುನ್ನ ಎರಡು ಸಂಗತಿ ನೋಡಬೇಕು. ಒಂದು, ನುಡಿಯ ಹಳೆಯ ಬಗೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ತಂದು ಅರ್ಜಿಯ ಚೌಕದಲ್ಲಿ ಅಂಟಿಸಿದರೆ ಯಾವ ಬ್ರೌಸರಿನಲ್ಲೂ ಚೆಲ್ಲಾಪಿಲ್ಲಿಯೇ. ಅದು ತೊಂಬತ್ತರ ದಶಕದ ವೇಷದ ಅಕ್ಷರ. ನುಡಿಯಲ್ಲೇ ಯುನಿಕೋಡ್ ಆರಿಸಿ ಬರೆದರೆ ಸರಿಹೋಗುತ್ತದೆ. ಇನ್ನೊಂದು ಇತ್ತೀಚಿನದು. 2025ರ ಕೊನೆಯಲ್ಲಿ ಬಂದ ಕ್ರೋಮ್ 142, ಯಾವುದೇ ತಾಣ ನಮ್ಮ ಯಂತ್ರದೊಳಗಿನ ಬೇರೆ ತಂತ್ರಾಂಶದ ಜೊತೆ ಮಾತಾಡಲು ಹೊರಟಾಗ 'ಬಿಡಲೇ, ತಡೆಯಲೇ?' ಎಂದು ಕೇಳುತ್ತದೆ. ಬೆರಳಚ್ಚು, ಡಿಜಿಟಲ್ ಸಹಿಯಂಥ ಸಾಧನಗಳಲ್ಲಿ ಹೀಗೆ ಮಾತಾಡುವುವು ಇವೆ. ಅವಸರದಲ್ಲಿ 'ತಡೆ' ಎಂದು ಒತ್ತಿದರೆ ಸಾಧನ ಸತ್ತಂತೆ ತೋರಬಹುದು. ಹಳೆಯ ಆವೃತ್ತಿಗೆ ಓಡಬೇಕಾಗಿಲ್ಲ. ವಿಳಾಸದ ಪಟ್ಟಿಯ ಎಡಕ್ಕಿರುವ ಗುರುತನ್ನು ಒತ್ತಿ, ಆ ಸರಕಾರಿ ತಾಣಕ್ಕೆ ಮಾತ್ರ ಅನುಮತಿ ಕೊಟ್ಟರಾಯಿತು. ಕಂಡ ಕಂಡ ತಾಣಕ್ಕೆಲ್ಲ ಕೊಡಬಾರದು, ಆ ಪ್ರಶ್ನೆ ಇಟ್ಟಿರುವುದೇ ಅದಕ್ಕೆ.

ಅಂಗಡಿಯ ಯುವಕ ಕೊನೆಗೆ ಮನಸ್ಸು ಮಾಡಿದನೆನ್ನಿ. ಶನಿವಾರ ಸಂಜೆ ಕೊನೆಯ ಗಿರಾಕಿಯನ್ನು ಕಳಿಸಿ, ಬಾಗಿಲು ಅರ್ಧ ಎಳೆದು, ಹೊಸ ಯಂತ್ರವನ್ನು ಹಳೆಯದರ ಪಕ್ಕದಲ್ಲೇ ಇಡುತ್ತಾನೆ. ಹಳೆಯದರಲ್ಲಿ ಉಳಿಸಿಟ್ಟಿದ್ದ ಪರರ ಪಾಸ್‌ವರ್ಡುಗಳನ್ನು ಹೊಸದಕ್ಕೆ ಸಾಗಿಸುವ ಬದಲು ಒಂದೊಂದಾಗಿ ಅಳಿಸುತ್ತಾನೆ. ಆಮೇಲೆ ತಂದೆಯನ್ನು ಕರೆದು ಕೂರಿಸಿ, ಬೆರಳಚ್ಚಿನ ಸಾಧನದ ಮೇಲೆ ಅವರ ಹೆಬ್ಬೆಟ್ಟು ಇಡಿಸಿ, ಅವರದೇ ಜಮೀನಿನ ಪಹಣಿಯನ್ನು ತೆಗೆದು ಪ್ರಿಂಟ್ ಒತ್ತುತ್ತಾನೆ. ತಂದೆ ಕಾಗದವನ್ನು ಬೆಳಕಿಗೆ ಹಿಡಿದು ಸರ್ವೆ ನಂಬರು ನೋಡುತ್ತಾರೆ, ಹೆಸರಿನ ಒತ್ತಕ್ಷರ ನೋಡುತ್ತಾರೆ.

"ಸರಿಯಾಗಿದೆ. ಹಳೇದನ್ನ ಈಗಲೇ ಯಾರಿಗೂ ಕೊಡಬೇಡ."